ಪೈರು ಹಳದಿಯಾದಾಗಲೆಲ್ಲ ಯೂರಿಯಾ ಹಾಕಬೇಕೆ?

ಮಳವಳ್ಳಿ ಕಡೆ ನಾಲೆಯ ಕೊನೆಯಲ್ಲಿ ಎರಡು ಎಕರೆ ಗದ್ದೆ ಇದೆ, ಪೈರು ಹಳದಿಯಾದಾಗಲೆಲ್ಲ ಅಂಗಡಿಯವರು ಯೂರಿಯಾ ಹಾಕಿ ಎನ್ನುತ್ತಾರೆ, ಹೀಗಿರುವಾಗ ಬೇಸಾಯ ಶಾಸ್ತ್ರಜ್ಞರು ಮಾಡುವ ಕೆಲಸವಾದರೂ ಏನು ಎಂದು ನೀವು ಕೇಳಿದ್ದೀರಿ. ಮಂಡ್ಯ ಜಿಲ್ಲೆಯಲ್ಲಿ ನಾನು ಮಾಡುತ್ತಿರುವುದು ಇದೇ ಕೆಲಸ. ಎಲೆ ಹಳದಿಯಾಗುವುದಕ್ಕೆ ಇರುವ ಹಲವು ಕಾರಣಗಳಲ್ಲಿ, ಯೂರಿಯಾ ಒದಗಿಸುವ ಸಾರಜನಕದ ಕೊರತೆ ಒಂದು ಮಾತ್ರ. ಉಳಿದವನ್ನು ಮಣ್ಣಿನಲ್ಲಿ ಮತ್ತು ನೀರಿನಲ್ಲಿ ಹುಡುಕಬೇಕಾಗುತ್ತದೆ.

ಹೊಸ ತಳಿ ಕೊಡುವುದು ನಮ್ಮ ಕೆಲಸವೆಂದು ಹಲವರು ಭಾವಿಸುತ್ತಾರೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ತಳಿ ವಿಜ್ಞಾನದ ಸಾಧನೆ. ಅಂಥ ತಳಿಯನ್ನು ಯಾವ ಮಣ್ಣಿನಲ್ಲಿ, ಎಷ್ಟು ಅಂತರದಲ್ಲಿ, ಎಷ್ಟು ನೀರು ಗೊಬ್ಬರ ಕೊಟ್ಟು ಬೆಳೆದರೆ ಅದರ ಶಕ್ತಿ ಪೂರ್ತಿ ಹೊರಬರುತ್ತದೆ ಎಂಬುದನ್ನು ನೋಡುವುದು ಬೇಸಾಯ ಶಾಸ್ತ್ರ.

ನಿಮ್ಮ ಗದ್ದೆಯಂಥ ಜಾಗಕ್ಕೆ ಹೋದಾಗ ನಾನು ಮೊದಲು ನೋಡುವುದು ಹೆಚ್ಚಾದ ನೀರು ಹೊರಗೆ ಹರಿದುಹೋಗುವ ಬಸಿಗಾಲುವೆಯನ್ನು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ವರ್ಷಗಟ್ಟಲೆ ಭತ್ತ, ಕಬ್ಬು ಬೆಳೆಯುತ್ತ ಬಂದಿರುವ ತಗ್ಗು ಗದ್ದೆಗಳಲ್ಲಿ ನೀರು ಒಳಗೆ ಬರಲು ದಾರಿಯಿದೆ, ಹೊರಗೆ ಹೋಗಲು ಇಲ್ಲ. ಬಸಿಗಾಲುವೆ ಹೂಳು ತುಂಬಿ, ಜೊಂಡು ಬೆಳೆದು ಮುಚ್ಚಿಹೋದರೆ ನೆಲದಡಿಯ ನೀರು ಮೇಲಕ್ಕೇರುತ್ತದೆ. ಬೇಸಿಗೆಯಲ್ಲಿ ಅದು ಆವಿಯಾಗಿ, ಹೊತ್ತು ತಂದ ಲವಣವನ್ನು ಮೇಲ್ಮಣ್ಣಿನಲ್ಲಿ ಬಿಡುತ್ತದೆ. ಬದುವಿನ ಪಕ್ಕದಲ್ಲಿ ಉಪ್ಪು ಚೆಲ್ಲಿದಂತೆ ಬಿಳಿ ಪದರ ಕಂಡರೆ ಅದು ಚೌಳಿನ, ಅಂದರೆ ಮಣ್ಣಿನಲ್ಲಿ ಲವಣ ಹೆಚ್ಚಿರುವುದರ ಗುರುತು. ನೆಂದಾಗ ಜಾರುವ, ಒಣಗಿದಾಗ ಗುದ್ದಲಿಗೂ ಬಗ್ಗದಷ್ಟು ಗಟ್ಟಿಯಾಗುವ ಮಣ್ಣಾದರೆ ಸೋಡಿಯಂ ಹೆಚ್ಚಿದೆ ಎಂದು ಅನುಮಾನಿಸಬೇಕು. ಅಂಥ ಮಣ್ಣಿನ ರಸಸಾರ (ಪಿಎಚ್) ಸಾಮಾನ್ಯವಾಗಿ 8.5 ದಾಟಿರುತ್ತದೆ. ಅಲ್ಲಿ ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ. ಆದರೆ ಬಿಟ್ಟುಬಂದ ಸೋಡಿಯಂ ನೀರಿನೊಡನೆ ಗದ್ದೆಯಿಂದ ಆಚೆ ಹೋಗಲೇಬೇಕು. ಬಸಿಗಾಲುವೆ ತೆರೆಯದೆ ಜಿಪ್ಸಂ ಸುರಿದವರ ಹಣ ಕೆಸರಿನಲ್ಲೇ ಉಳಿಯುವುದನ್ನು ನೋಡಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಇಂಥ ಗದ್ದೆಗಳಲ್ಲಿ ನಾಟಿಯಾದ ಎರಡು ಮೂರು ವಾರಕ್ಕೆ ಕಾಣುವ ಹಳದಿಯನ್ನು ಹತ್ತಿರದಿಂದ ನೋಡಿ. ಎಳೆಯ ಎಲೆಯ ಬುಡದಲ್ಲಿ ನಡುನರ ಬಿಳಚಿಕೊಂಡು, ಹಳೆಯ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳಿದ್ದರೆ ಅದು ಸತುವಿನ ಕೊರತೆಯಾಗಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಎಕರೆಗೆ 8ರಿಂದ 10 ಕಿಲೋ ಸತುವಿನ ಸಲ್ಫೇಟ್ ಬೇಕೇ ಹೊರತು ಯೂರಿಯಾ ಅಲ್ಲ, ಮತ್ತು ಅದನ್ನು ರಂಜಕದ ಗೊಬ್ಬರವಾದ ಡಿಎಪಿ ಜೊತೆ ಬೆರೆಸಬಾರದು. ನೀರಾವರಿ ಭತ್ತಕ್ಕೆ ಶಿಫಾರಸಾದ ಸಾರಜನಕ ಹೆಕ್ಟೇರಿಗೆ 100 ಕಿಲೋ, ಅಂದರೆ ಎಕರೆಗೆ 40 ಕಿಲೋ. 45 ಕಿಲೋ ಯೂರಿಯಾ ಚೀಲ ಒಂದರಲ್ಲೇ ಸುಮಾರು 21 ಕಿಲೋ ಸಾರಜನಕ ಇರುವುದರಿಂದ ಇಡೀ ಬೆಳೆಗೆ ಎರಡು ಚೀಲ ಸಾಕು. ಅದಕ್ಕೂ ಮೀರಿ ಹಾಕಿದರೆ ಬೆಂಕಿ ರೋಗ, ಕಂದು ಜಿಗಿ ಹುಳು ಬರುವುದು ಸುಲಭ, ಪೈರು ಮಲಗುವುದೂ ಉಂಟು.

ಮಣ್ಣಿನ ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಕಡಿಮೆಯಿದ್ದರೆ ಯಾವ ಗೊಬ್ಬರವೂ ಸರಿಯಾಗಿ ನಿಲ್ಲುವುದಿಲ್ಲ. ನಾಟಿಗೆ ಮೊದಲು ಹಸಿರೆಲೆ ಗೊಬ್ಬರದ ಗಿಡವಾದ ಡಯಾಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿ. ಚೌಳನ್ನೂ ತಾಳಿಕೊಳ್ಳುವ ಗಿಡವದು. ಕಬ್ಬಿನ ತರಗಿಗೆ ದಯವಿಟ್ಟು ಬೆಂಕಿ ಹಚ್ಚಬೇಡಿ, ಕೂಳೆ ಬೆಳೆಯ ಸಾಲುಗಳ ನಡುವೆ ಹರಡಿ.

ಈಗಿನ ಬೆಳೆ ಕಟಾವಾದ ಮೇಲೆ, ಗೊಬ್ಬರ ಹಾಕುವ ಮೊದಲು ಗದ್ದೆಯ ಹತ್ತಾರು ಕಡೆ ಅರ್ಧ ಅಡಿ ಆಳಕ್ಕೆ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೋಡಿ, ಪಕ್ಕದ ಮಣ್ಣನ್ನು ಮೇಲಿನಿಂದ ಕೆಳಗೆ ಸಮನಾಗಿ ಕೆರೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಇಟ್ಟುಕೊಳ್ಳಿ. ಬಿಳಿ ಪದರವಿರುವ ಜಾಗದ ಮಣ್ಣು ಬೇರೆ ಇರಲಿ. ತಿಪ್ಪೆಯ ಬಳಿ, ಮರದ ಕೆಳಗೆ, ಬದುವಿನ ಅಂಚಿನಲ್ಲಿ ತೆಗೆಯಬೇಡಿ, ಗೊಬ್ಬರದ ಖಾಲಿ ಚೀಲದಲ್ಲಿ ತುಂಬಲೂಬೇಡಿ. ಹಿಂದಿನ ಬೆಳೆ, ಹಾಕಿದ ಗೊಬ್ಬರ, ನೀರಿನ ಮೂಲ ಬರೆದ ಚೀಟಿಯೊಡನೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು, ರಸಸಾರ ಮತ್ತು ಲವಣಾಂಶದ ಜೊತೆಗೆ ಜಿಪ್ಸಂ ಎಷ್ಟು ಬೇಕೆಂಬುದನ್ನೂ ಪರೀಕ್ಷಿಸಿಕೊಡುವಂತೆ ಕೇಳಿ.