ಒಂದೇ ಪರದೆ, ನಾಲ್ಕು ತಂಡ

ಪ್ರಶ್ನೆ: ನಮ್ಮದು ಸಣ್ಣ ಕಂಪನಿ. ಅಳಗುಳಿ ಮಣೆಯನ್ನು ಮೊಬೈಲ್ ಆಟವಾಗಿ ಮಾಡಿದ್ದೇವೆ. ಆಟವನ್ನು ಮೆಚ್ಚಿದವರೂ ‘ಎಲ್ಲಿ ಒತ್ತಬೇಕೆಂದೇ ತಿಳಿಯುವುದಿಲ್ಲ’ ಎನ್ನುತ್ತಾರೆ. ಚಿತ್ರ ಬಿಡಿಸುವವರು ಪ್ರೋಗ್ರಾಮರ್‌ಗಳನ್ನು ದೂರುತ್ತಾರೆ, ಅವರು ಇವರನ್ನು. ಕನ್ನಡ ಪಠ್ಯ ಹಾಕಿದ ಮೇಲೆ ಬಟನ್‌ಗಳು ಇನ್ನಷ್ಟು ಕೆಟ್ಟವು. ಹೊಸ ಡಿಸೈನರ್ ಒಬ್ಬರನ್ನು ಸೇರಿಸಿಕೊಂಡರೆ ಸರಿಹೋದೀತೇ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಈಗಲೇ ಬೇಡ. ನಿಮ್ಮ ಪತ್ರ ನೋಡಿದರೆ ಚಿತ್ರದವರು ಮುಗಿಸಿ ಪ್ರೋಗ್ರಾಮರ್‌ಗೆ ಕೊಡುತ್ತಾರೆ, ಪ್ರೋಗ್ರಾಮರ್ ಮುಗಿಸಿದ ಮೇಲೆ ಕನ್ನಡ ಬರುತ್ತದೆ. ಈ ಕ್ರಮ ಬದಲಾಗದಿದ್ದರೆ ಎಂಥ ಡಿಸೈನರ್ ಬಂದರೂ ಭಾರವೆಲ್ಲ ಕೊನೆಯವರ ತಲೆಗೇ ಬೀಳುತ್ತದೆ. ಮೊದಲ ಗೀಟು ಎಳೆಯುವಾಗಲೇ ಎಲ್ಲರೂ ಮೇಜಿನ ಸುತ್ತ ಇರಬೇಕು. ಇದರಲ್ಲಿ ನಾನು ರಾಜಿಯಾಗುವವಳಲ್ಲ.

ನಿಮ್ಮ ಆಟವನ್ನೇ ತೆಗೆದುಕೊಳ್ಳಿ. ಸಾಲಿಗೆ 7ರಂತೆ 14 ಗುಳಿ. ಫೋನನ್ನು ನೆಟ್ಟಗೆ ಹಿಡಿದರೆ ಪರದೆಯ ಅಗಲ ಸುಮಾರು 65ರಿಂದ 70 ಮಿಲಿಮೀಟರ್. ಅಂಚು, ನಡುವಣ ಜಾಗ ಕಳೆದರೆ ಒಂದು ಗುಳಿಗೆ 8 ಮಿಲಿಮೀಟರ್ ಸಿಕ್ಕರೆ ಹೆಚ್ಚು. ಬೆರಳು ತಾಗುವ ಜಾಗ ಕನಿಷ್ಠ 48 ಡಿಪಿ (ಪರದೆಯ ಅಳತೆಯ ಮಾನ), ಅಂದರೆ ಹೆಚ್ಚುಕಡಿಮೆ 9 ಮಿಲಿಮೀಟರ್ ಇರಲಿ ಎನ್ನುತ್ತದೆ ಗೂಗಲ್‌ನ ಮಾರ್ಗಸೂಚಿ. ಅಡ್ಡ ಹಿಡಿದರೆ ಜಾಗವೇನೋ ಸಿಗುತ್ತದೆ, ಆದರೆ ಎರಡೂ ಕೈ ಬೇಕು. ಮೊಬೈಲ್ ವಿನ್ಯಾಸಕಾರ ಸ್ಟೀವನ್ ಹೂಬರ್ 2013ರಲ್ಲಿ ಪ್ರಕಟಿಸಿದ ಅವಲೋಕನದಲ್ಲಿ, ಪರದೆ ಮುಟ್ಟುತ್ತಿದ್ದವರ ಪೈಕಿ ಶೇ 49ರಷ್ಟು ಜನ ಫೋನನ್ನು ಒಂದೇ ಕೈಯಲ್ಲಿ ಹಿಡಿದಿದ್ದರು. ಹಾಗಾದರೆ ಮಣೆಯನ್ನೇ ನಿಲ್ಲಿಸಿ, 7 ಗುಳಿಗಳನ್ನು ಮೇಲಿಂದ ಕೆಳಕ್ಕೆ ಜೋಡಿಸಬಹುದು. ಆಗ ಎದುರುಬದುರು ಇದ್ದ ಸಾಲುಗಳು ಎಡಬಲ ಆಗುತ್ತವೆ. ಮನೆಯಲ್ಲಿ ಮಣೆ ಹಾಕಿಕೊಂಡು ಆಡಿದವರಿಗೆ ‘ನನ್ನ ಸಾಲು ಯಾವುದು’ ಎಂಬ ತಡವರಿಕೆ ಶುರು. ಗುಳಿ ಒತ್ತಿದಾಗ ಹೆಬ್ಬೆರಳು ಕಾಳುಗಳನ್ನು ಮುಚ್ಚುವುದು ಇನ್ನೊಂದು ತೊಡಕು. ಬೆರಳಿಗಿಂತ ಮೇಲೆ ಸಂಖ್ಯೆ ತೋರಿಸೋಣವೆಂದರೆ, ಕಣ್ಣಳತೆಯಲ್ಲೇ ಎಣಿಸುವವರ ಜಾಣ್ಮೆಗೆ ಬೆಲೆ ಇಲ್ಲವಾಗುತ್ತದೆ. ಇದನ್ನು ಆಟದ ನಿಯಮ ಬರೆದವರೇ ತೀರ್ಮಾನಿಸಬೇಕು, ಚಿತ್ರದವರಿಗೆ ಬಿಡುವ ಮಾತಲ್ಲ.

ಸಂಖ್ಯೆ ಬೇಕೆಂದಾದರೆ ಪ್ರೋಗ್ರಾಮರ್ ಬಾಯಿ ತೆರೆಯಬೇಕು. ಆಟ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಬಟನ್, ಅಂಕಿಗಳನ್ನು ಇಡುವ ಹಾಳೆಗೆ ಕ್ಯಾನ್ವಾಸ್ ಎನ್ನುತ್ತಾರೆ. ಅದರಲ್ಲಿ ಒಂದು ಅಂಕಿ ಬದಲಾದರೂ ಆ ಕ್ಯಾನ್ವಾಸ್ ಪೂರ್ತಿ ಮತ್ತೆ ಲೆಕ್ಕಕ್ಕೆ ಬರುತ್ತದೆ. ಕಾಳು ಬಿತ್ತುತ್ತಾ ಹೋದಂತೆ ಗುಳಿಗುಳಿಗೂ ಅಂಕಿ ಬದಲಾಗುತ್ತದೆ. ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಮೂಡುವ ಚಿತ್ರ) ಬೇಕೆಂದರೆ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್; ಅಗ್ಗದ ಫೋನ್ ಅಲ್ಲೇ ಮುಗ್ಗರಿಸುತ್ತದೆ. ಅಲುಗದ ಮಣೆಯನ್ನೂ ಬದಲಾಗುವ ಅಂಕಿಗಳನ್ನೂ ಬೇರೆ ಬೇರೆ ಕ್ಯಾನ್ವಾಸ್‌ನಲ್ಲಿ ಇಡಬೇಕು. ಚಿತ್ರದವರಿಗೆ ಇದು ಮೊದಲೇ ಗೊತ್ತಿದ್ದರೆ ಪದರಗಳನ್ನು ಹಾಗೆಯೇ ಬಿಡಿಸಿ ಕೊಡುತ್ತಾರೆ. ಗೊತ್ತಿಲ್ಲದಿದ್ದರೆ ಮಾಡಿದ್ದನ್ನೇ ಮತ್ತೆ ಮಾಡುತ್ತಾರೆ.

ನಾನು ಕೆಲಸ ಮಾಡಿದ ಒಂದು ಕವಡೆ ಆಟದಲ್ಲಿ, ಎಷ್ಟು ಬಿತ್ತೆಂದು ನೋಡುವ ಮೊದಲೇ ಜನ ಕಾಯಿ ಒತ್ತಿಬಿಡುತ್ತಿದ್ದರು. ನಡುವೆ ದೊಡ್ಡ ಫಲಕ ಬರಲಿ ಎಂದರು ಪ್ರೋಗ್ರಾಮರ್. ಹಲಗೆಯ ಅಂದ ಕೆಡುತ್ತದೆ ಎಂದರು ಚಿತ್ರದವರು. ಮೂಲೆಯಲ್ಲಿ ಕುಳಿತಿದ್ದ ಧ್ವನಿ ವಿಭಾಗದ ಹುಡುಗಿ, ‘ನಾಲ್ಕು ಕವಡೆಗಳೂ ಒಟ್ಟಿಗೆ ಬೀಳುವುದೇಕೆ? ಒಂದಾದ ಮೇಲೆ ಒಂದು ಬೀಳಲಿ, ಅಂಗಾತ ಬಿದ್ದದ್ದಕ್ಕೆ ಟಕ್ ಎಂಬ ಸದ್ದು ಕೊಡುತ್ತೇನೆ’ ಎಂದಳು. ಜನ ತಾವಾಗಿಯೇ ಕೊನೆಯ ಸದ್ದಿಗೆ ಕಾಯತೊಡಗಿದರು. ಆ ಅರೆಗಳಿಗೆಯಲ್ಲಿ ಸರ್ವರ್‌ನ ಉತ್ತರವೂ ಬಂದು ತಲುಪುತ್ತಿದ್ದುದರಿಂದ ಪ್ರೋಗ್ರಾಮರ್‌ಗೂ ಅನುಕೂಲವಾಯಿತು. ಫಲಕದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆ ಹುಡುಗಿಯನ್ನು ಸಭೆಗೆ ಕರೆಯುವುದು ಅಲ್ಲಿನ ರೂಢಿಯಾಗಿರಲಿಲ್ಲ ಎಂಬುದು ಇಂದಿಗೂ ನನಗೆ ಬೇಸರದ ಸಂಗತಿ.

ಕನ್ನಡದ ವಿಷಯ. ಯೂನಿಟಿಯಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ತಾನಾಗಿ ಜೋಡಿಸುವುದಿಲ್ಲ. ಬೇಸತ್ತ ತಂಡಗಳು ಪದಗಳನ್ನು ಚಿತ್ರವಾಗಿಯೇ ಅಂಟಿಸುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಅಕ್ಷರ ತಿದ್ದಲೂ ಚಿತ್ರದವರ ಬಾಗಿಲು ತಟ್ಟಬೇಕಾಗುತ್ತದೆ. ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶವನ್ನು ಬಳಸುವ ಪ್ಲಗಿನ್ (ಸೇರ್ಪಡೆ ತುಣುಕು) ಹಾಕಿಕೊಳ್ಳಿ. ‘ಮತ್ತೊಮ್ಮೆ’ಯ ಒತ್ತು ಕತ್ತರಿಸದಷ್ಟು ಜಾಗವನ್ನು ಬಟನ್‌ನ ಕೆಳಭಾಗದಲ್ಲಿ ಬಿಡಿ. ಮೊದಲ ಕರಡಿನಲ್ಲೇ ನಿಜವಾದ ಕನ್ನಡ ಪದಗಳಿರಲಿ.

ಮುಂದಿನ ವಾರವೇ ಇಷ್ಟು ಮಾಡಿ: ಕಚೇರಿಯಲ್ಲಿರುವ ಅತ್ಯಂತ ಅಗ್ಗದ ಫೋನನ್ನು, ಆಟವನ್ನು ನೋಡಿಯೇ ಇರದ ಒಬ್ಬರ ಕೈಗೆ ಕೊಡಿ. ಎಲ್ಲ ತಂಡದವರೂ ಸುತ್ತ ಕುಳಿತು ನೋಡಲಿ, ಯಾರೂ ವಿವರಿಸಕೂಡದು. ಬೆರಳು ತಡವರಿಸಿದ ಜಾಗಗಳನ್ನು ಬರೆದುಕೊಂಡು ಅಲ್ಲೇ ಹಂಚಿಕೊಳ್ಳಿ. ಭಿನ್ನಾಭಿಪ್ರಾಯ ಉಳಿದರೆ ಕೊನೆಯ ಮಾತು ಯಾರದೆಂದು ಮೊದಲೇ ಒಬ್ಬರನ್ನು ಗೊತ್ತುಮಾಡಿ. ಡಿಸೈನ್ ಕಡತದಲ್ಲಿ ಗುಳಿಗೆ ಇಟ್ಟ ಹೆಸರೇ ಕೋಡ್‌ನಲ್ಲೂ ಇರಲಿ. ಅರ್ಧ ಜಗಳ ಇದರಿಂದಲೇ ನಿಲ್ಲುತ್ತದೆ.

ಪ್ರಶ್ನೆ: ನನ್ನ ಮಗನಿಗೆ ಕೆಂಪು–ಹಸಿರು ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಅವನ ಮೆಚ್ಚಿನ ಆಟದಲ್ಲಿ ಕಾಯಿಗಳು ಆ ಎರಡೇ ಬಣ್ಣದವು. ಆಟ ಮಾಡಿದವರಿಗೆ ಬರೆದರೆ ಪ್ರಯೋಜನವಿದೆಯೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಖಂಡಿತ ಬರೆಯಿರಿ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಹೆಚ್ಚು. ಅದಕ್ಕೆ ಕಾರಣವಾದ ಜೀನ್‌ಗಳು ಎಕ್ಸ್ ವರ್ಣತಂತುವಿನಲ್ಲಿವೆ. ಅಂದರೆ ನಿಮ್ಮ ಮಗನಂಥ ಆಟಗಾರರು ಅವರಿಗೆ ಇನ್ನೂ ಅನೇಕರಿದ್ದಾರೆ. ಪರದೆಯ ಚಿತ್ರವನ್ನು ಲಗತ್ತಿಸಿ, ಯಾವ ಹಂತದಲ್ಲಿ ತೊಡಕಾಯಿತು ಎಂದು ಹೇಳಿ, ಕಾಯಿಗಳ ಮೇಲೆ ಚುಕ್ಕೆ ಅಥವಾ ಗೆರೆಯ ಗುರುತು ಹಾಕಿ ಎಂದು ನೇರವಾಗಿ ಕೇಳಿ. ಅಲ್ಲಿಯವರೆಗೆ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿರುವ ಬಣ್ಣ ತಿದ್ದುಪಡಿಯನ್ನು ಹಾಕಿ ನೋಡಿ. ಅಲ್ಲಿ ಒಂದಕ್ಕಿಂತ ಹೆಚ್ಚು ಆಯ್ಕೆಗಳಿವೆ. ಯಾವುದು ಹೊಂದುತ್ತದೆ ಎಂಬುದನ್ನು ಮಗನೇ ಹೇಳಲಿ.