ಹತ್ತು ತಿಂಗಳ ಮಗುವಿನ ಗಂಟಲಿನಲ್ಲಿ ಕಡಲೆಕಾಯಿ ಬೀಜ ಸಿಕ್ಕಿಕೊಂಡರೆ ತಕ್ಷಣ ಏನು ಮಾಡಬೇಕು?

ಮಗು ಜೋರಾಗಿ ಕೆಮ್ಮುತ್ತಿದ್ದರೆ ಅಥವಾ ಅಳುತ್ತಿದ್ದರೆ ಉಸಿರು ಇನ್ನೂ ಆಡುತ್ತಿದೆ ಎಂದರ್ಥ. ಕೆಮ್ಮಲು ಬಿಟ್ಟು ಪಕ್ಕದಲ್ಲೇ ಇದ್ದು ಗಮನಿಸಿ. ದನಿಯೇ ಹೊರಡದೆ, ಕೆಮ್ಮು ಕ್ಷೀಣಿಸಿ, ತುಟಿ ನೀಲಿಗಟ್ಟತೊಡಗಿದರೆ, 108ಕ್ಕೆ ಕರೆ ಮಾಡಲು ಇನ್ನೊಬ್ಬರಿಗೆ ಹೇಳಿ, ಮಗುವನ್ನು ನಿಮ್ಮ ಮುಂದೋಳಿನ ಮೇಲೆ ಬೋರಲಾಗಿ, ತಲೆ ಎದೆಗಿಂತ ಕೆಳಗಿರುವಂತೆ ಮಲಗಿಸಿ, ದವಡೆಗೆ ಆಸರೆ ಕೊಟ್ಟು, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಬಲವಾಗಿ ತಟ್ಟಬೇಕು. ಬೀಜ ಹೊರಬರದಿದ್ದರೆ ಅಂಗಾತ ತಿರುಗಿಸಿ, ಎದೆಮೂಳೆಯ ಕೆಳ ಅರ್ಧಭಾಗವನ್ನು 5 ಬಾರಿ ಒತ್ತಬೇಕು. ಹೀಗೆ ಸರದಿಯಂತೆ ಮುಂದುವರಿಸಿ.

ಒಂದು ವರ್ಷದೊಳಗಿನ ಮಗುವಿನ ಹೊಟ್ಟೆಯನ್ನು ಒತ್ತಲೇಬಾರದು, ಯಕೃತ್ತಿಗೆ ಪೆಟ್ಟಾಗಬಹುದು. ಕಣ್ಣಿಗೆ ಕಾಣದ ಬೀಜಕ್ಕಾಗಿ ಬಾಯೊಳಗೆ ಬೆರಳು ಹಾಕಿ ತಡಕಾಡುವುದು, ಗಾಬರಿಯಲ್ಲಿ ಹಿರಿಯರು ಪ್ರೀತಿಯಿಂದಲೇ ಮಾಡುವ ತಪ್ಪು. ಅದರಿಂದ ಬೀಜ ಇನ್ನಷ್ಟು ಆಳಕ್ಕೆ ಇಳಿಯಬಹುದು. ನೀರನ್ನೂ ಕುಡಿಸಬೇಡಿ.

ಪ್ರಜ್ಞೆ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಯಿಂದ ಉಸಿರು ಕೊಡುವ ತುರ್ತು ಕ್ರಮ, ಆರಂಭಿಸಬೇಕು. ಎರಡೂ ಕೈಗಳಿಂದ ಎದೆಯನ್ನು ಸುತ್ತುವರಿದು ಹೆಬ್ಬೆರಳುಗಳಿಂದ, ಇಲ್ಲವೇ ಒಂದು ಅಂಗೈಯ ಬುಡದಿಂದ, ಸುಮಾರು 4 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಬಳಿಕ ಬಾಯಿ ತೆರೆದು ನೋಡಿ, ಬೀಜ ಕಂಡರೆ ಮಾತ್ರ ತೆಗೆದು, ಮಗುವಿನ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಯಿಂದ ಮುಚ್ಚಿ, ಎದೆ ಏರುವಷ್ಟು ಮೆಲ್ಲಗೆ 2 ಬಾರಿ ಉಸಿರು ಊದಿ. ನೆರವು ಬರುವವರೆಗೆ ನಿಲ್ಲಿಸಬೇಡಿ. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಕೆಲಸ ಮುಂದುವರಿಸಿ.

ಬೀಜ ಹೊರಬಂದು ಮಗು ನಗುತ್ತಿದ್ದರೂ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಅದರ ಚೂರು ಶ್ವಾಸನಾಳದಲ್ಲಿ ಉಳಿದಿರುವ ಸಾಧ್ಯತೆಯಿದೆ.