ಕಾರಿನ ನಂಬರ್ ಬರೆದುಕೊಂಡವರು ಇದ್ದರು

ನೀವು ಕೇಳಿದ್ದು ಇಷ್ಟು: 1978ರಲ್ಲಿ ದೆಹಲಿಯಲ್ಲಿ ಅಕ್ಕ ತಮ್ಮನನ್ನು ಅಪಹರಿಸಿ ಕೊಂದ ರಂಗ–ಬಿಲ್ಲ ಕೇಸಿನಲ್ಲಿ ಆರೋಪಿಗಳು ಹದಿಮೂರೇ ದಿನಕ್ಕೆ ಸಿಕ್ಕಿಬಿದ್ದರು. ಹಾಗಿದ್ದೂ ಗಲ್ಲಿಗೇರಿಸಲು ಮೂರೂವರೆ ವರ್ಷ ಯಾಕೆ ಹಿಡಿಯಿತು? ಆ ಕೇಸಿನಿಂದ ಕಾನೂನಿನಲ್ಲಿ ಏನಾದರೂ ಬದಲಾಯಿತಾ?

ನಾನು ಮಂಗಳೂರಿನಲ್ಲಿ ಮೂವತ್ತು ವರ್ಷ ವಕೀಲಿ ಮಾಡಿದವಳು. ಆದರೆ ಈ ಕೇಸು ನನಗೆ ಗೊತ್ತಾದದ್ದು ಲಾ ಕಾಲೇಜಿನಲ್ಲಿ ಅಲ್ಲ, ಅಮ್ಮನಿಂದ. 1985ರಲ್ಲಿ ಕದ್ರಿ ಗುಡ್ಡದ ಆಕಾಶವಾಣಿಯಿಂದ ಯುವವಾಣಿ ಕಾರ್ಯಕ್ರಮಕ್ಕೆ ನನಗೆ ಕರೆ ಬಂತು. ನನಗಾಗ ಹದಿನೆಂಟು. ಕಾಗದ ಓದಿದ ಅಮ್ಮ ಖುಷಿಪಡುವ ಬದಲು, "ಒಬ್ಬಳೇ ಹೋಗುವುದು ಬೇಡ. ಆ ಡೆಲ್ಲಿಯ ಹುಡುಗಿ ಸಹ ರೇಡಿಯೊಕ್ಕೇ ಹೊರಟದ್ದಲ್ವಾ?" ಅಂದರು. ಅಣ್ಣನನ್ನು ಜೊತೆಗೆ ಹೊರಡಿಸಿದರು. ಅವನು ಚಪ್ಪಲಿ ಹಾಕುತ್ತಾ, "ಅಲ್ಲಿಯೂ ತಮ್ಮ ಜೊತೆಗೇ ಇದ್ದನಲ್ಲ ಅಮ್ಮಾ" ಅಂದ. ಅಮ್ಮ ಅದಕ್ಕೆ ಏನೂ ಹೇಳಲಿಲ್ಲ. ಬಸ್ಸಿನ ಚಿಲ್ಲರೆ ಎಣಿಸಿ ಕೊಟ್ಟು, "ಯಾರ ಕಾರಿಗೂ ಹತ್ತಬೇಡಿ, ಗುರ್ತದವರಾದರೂ" ಅಂದರು.

ಆ ಡೆಲ್ಲಿಯ ಹುಡುಗಿ ಅಂದರೆ ಗೀತಾ ಚೋಪ್ರಾ. ತಮ್ಮ ಸಂಜಯ್. ಅಪ್ಪ ನೌಕಾಪಡೆಯ ಅಧಿಕಾರಿ. 1978ರ ಆಗಸ್ಟ್ 26, ಶನಿವಾರ ಸಂಜೆ ಇಬ್ಬರೂ ಧೌಲಾ ಕುವಾಂದ ಮನೆಯಿಂದ ಹೊರಟರು. ಆಕಾಶವಾಣಿಯ ಯುವವಾಣಿಯಲ್ಲಿ ಗೀತಾಳ ಕಾರ್ಯಕ್ರಮ ಇತ್ತು. ಅರ್ಧ ದಾರಿಯ ತನಕ ಒಬ್ಬರು ಕಾರಿನಲ್ಲಿ ಬಿಟ್ಟರು. ಅಲ್ಲಿಂದ ಮುಂದೆ ಅವರು ಹತ್ತಿದ್ದು ಕದ್ದ ಫಿಯೆಟ್ ಕಾರಿಗೆ. ಕಾರಿನಲ್ಲಿದ್ದವರು ಕುಲ್ಜೀತ್ ಸಿಂಗ್ ಎಂಬ ರಂಗ ಮತ್ತು ಜಸ್ಬೀರ್ ಸಿಂಗ್ ಎಂಬ ಬಿಲ್ಲ. ಮನೆಯಲ್ಲಿ ರೇಡಿಯೊ ಹಾಕಿ ಕೂತ ಅಪ್ಪ ಅಮ್ಮನಿಗೆ ಮಗಳ ಧ್ವನಿ ಕೇಳಲಿಲ್ಲ. ಕರೆದುಕೊಂಡು ಬರಲು ಹೋದ ಅಪ್ಪನಿಗೆ, ಮಕ್ಕಳು ಅಲ್ಲಿಗೆ ಬಂದೇ ಇಲ್ಲ ಅಂತ ಗೊತ್ತಾಯಿತು. ಎರಡು ದಿನ ಬಿಟ್ಟು ದೆಹಲಿಯ ರಿಡ್ಜ್ ಕಾಡಿನಲ್ಲಿ ದನ ಮೇಯಿಸುವವನ ಕಣ್ಣಿಗೆ ಶವಗಳು ಬಿದ್ದವು.

ನನ್ನ ಕಾರ್ಯಕ್ರಮ ಮೊದಲೇ ರೆಕಾರ್ಡ್ ಆದದ್ದು. ಹಾಗಾಗಿ ಪ್ರಸಾರದ ದಿನ ನಾನು ಮನೆಯಲ್ಲೇ, ಅಮ್ಮನ ಪಕ್ಕದಲ್ಲೇ ಕೂತಿದ್ದೆ. ರೇಡಿಯೊದಿಂದ ನನ್ನ ಸ್ವರ ಬಂದಾಗ ಅಮ್ಮ ನನ್ನ ಮೊಣಕೈ ಹಿಡಿದುಕೊಂಡರು. ಎಂಟು ನಿಮಿಷ ಬಿಡಲಿಲ್ಲ. ಕೈಯಲ್ಲಿ ತೆಂಗಿನಕಾಯಿ ತುರಿದ ವಾಸನೆ ಇತ್ತು.

ಈಗ ನಿಮ್ಮ ಮೊದಲ ಪ್ರಶ್ನೆ. ಸೆಪ್ಟೆಂಬರ್ 8ರಂದು ಇಬ್ಬರೂ ಆಗ್ರಾದ ಹತ್ತಿರ ಕಾಲ್ಕಾ ಮೇಲ್‌ನಲ್ಲಿ ಸೈನಿಕರಿಗೆ ಮೀಸಲಾದ ಡಬ್ಬಿಗೆ ಹತ್ತಿದರು. ಸೈನಿಕರು ಗುರುತು ಕೇಳಿದರು, ಅನುಮಾನ ಬಂತು, ದೆಹಲಿಯಲ್ಲಿ ಪೊಲೀಸರಿಗೆ ಒಪ್ಪಿಸಿದರು. ಹಿಡಿದದ್ದು ತನಿಖೆಯ ಜಾಣತನದಿಂದ ಅಂತ ಹೇಳುವುದು ಕಷ್ಟ. ಹಿಡಿದ ಮೇಲೆ ಸಾಕ್ಷ್ಯ ಕಟ್ಟಿದ್ದು ಮಾತ್ರ ಗಟ್ಟಿಯಾಗಿಯೇ ಇತ್ತು. ಕಾರಿನಲ್ಲಿ ಬೆರಳಚ್ಚು ಸಿಕ್ಕಿತ್ತು, ಕಣ್ಣಾರೆ ಕಂಡ ಸಾಕ್ಷಿಗಳಿದ್ದರು.

ಸೆಷನ್ಸ್ ಕೋರ್ಟ್ ಗಲ್ಲು ಬರೆದ ಕೂಡಲೇ ಯಾರನ್ನೂ ನೇಣಿಗೆ ಹಾಕಲು ಆಗುವುದಿಲ್ಲ. ಹೈಕೋರ್ಟ್ ಇಡೀ ಸಾಕ್ಷ್ಯವನ್ನು ಮತ್ತೆ ಓದಿ ಒಪ್ಪಬೇಕು. ಆರೋಪಿ ಮೇಲ್ಮನವಿ ಹಾಕದಿದ್ದರೂ ಇದು ಆಗಲೇಬೇಕು. ಸಯನೈಡ್ ಮೋಹನನ ಒಂದು ಪ್ರಕರಣದಲ್ಲಿ 2013ರಲ್ಲಿ ನಮ್ಮ ಮಂಗಳೂರಿನ ಕೋರ್ಟ್ ಗಲ್ಲು ಬರೆದಾಗ ಕಡತ ಬೆಂಗಳೂರಿಗೆ ಹೋಯಿತು, 2017ರಲ್ಲಿ ಅದು ಜೀವಾವಧಿಗೆ ಇಳಿಯಿತು. ರಂಗ–ಬಿಲ್ಲ ಕೇಸಿನಲ್ಲಿ ಹಾಗೆ ಆಗಲಿಲ್ಲ. 1979ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಗಲ್ಲನ್ನು ಒಪ್ಪಿತು. ಅದೇ ಹೊತ್ತಿನಲ್ಲಿ ಮರಣದಂಡನೆ ಸಂವಿಧಾನಕ್ಕೆ ಸರಿಹೊಂದುತ್ತದಾ ಎಂಬ ದೊಡ್ಡ ಪ್ರಶ್ನೆಯೇ ಸುಪ್ರೀಂ ಕೋರ್ಟಿನ ಮುಂದಿತ್ತು. 1980ರ ಮೇ ತಿಂಗಳ ಬಚನ್ ಸಿಂಗ್ ತೀರ್ಪು 'ಅಪರೂಪದಲ್ಲಿ ಅಪರೂಪ'ದ ಪ್ರಕರಣಕ್ಕೆ ಮಾತ್ರ ಗಲ್ಲು ಅಂದಿತು. 1981ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಂಗನ ಅರ್ಜಿ ತಳ್ಳಿಹಾಕಿತು. ಆಮೇಲೆ ಕ್ಷಮಾದಾನದ ಅರ್ಜಿ, ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿಯವರ ತಿರಸ್ಕಾರ. ಆಮೇಲೆ ಇನ್ನೊಂದು ಅರ್ಜಿ: ರಾಷ್ಟ್ರಪತಿ ಯಾವ ನಿಯಮ ನೋಡಿ ಕ್ಷಮೆ ಕೊಡುತ್ತಾರೆ, ಯಾವುದು ನೋಡಿ ನಿರಾಕರಿಸುತ್ತಾರೆ? ಒಳ್ಳೆಯ ಪ್ರಶ್ನೆಯೇ. ಅದು ತೀರ್ಮಾನ ಆಗುವ ತನಕ ನೇಣು ತಡೆಯಲ್ಲಿತ್ತು. 1982ರ ಜನವರಿಯಲ್ಲಿ ಕೋರ್ಟ್, ಈ ಕೇಸಿನಲ್ಲಿ ನಿಯಮ ಹಾಕಿಕೊಡುವ ಅಗತ್ಯ ಇಲ್ಲ ಅಂದಿತು. ಜನವರಿ 31ರಂದು ತಿಹಾರ್ ಜೈಲಿನಲ್ಲಿ ಇಬ್ಬರನ್ನೂ ಗಲ್ಲಿಗೇರಿಸಿದರು.

ನಡುವೆ ಇನ್ನೊಂದು ಸಣ್ಣ ತೀರ್ಪು ಬಂತು, ಜಾಸ್ತಿ ಜನರಿಗೆ ಗೊತ್ತಿಲ್ಲ. ಪತ್ರಕರ್ತೆ ಪ್ರಭಾ ದತ್ ಗಲ್ಲಿಗೆ ಕಾದವರ ಸಂದರ್ಶನ ಮಾಡಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋದರು. ಕೈದಿಗಳು ಒಪ್ಪಿದರೆ, ಬಲವಾದ ಕಾರಣ ಇಲ್ಲದೆ ಜೈಲಿನವರು ತಡೆಯುವ ಹಾಗಿಲ್ಲ ಅಂತ ಆಯಿತು. ಈಗಲೂ ಆ ತೀರ್ಪನ್ನು ಎತ್ತಿ ಹೇಳುತ್ತಾರೆ.

ಇಷ್ಟೆಲ್ಲ ಸೇರಿ ಮೂರು ವರ್ಷ ಐದು ತಿಂಗಳು. ಕೋರ್ಟಿನ ಕಾರಿಡಾರಿನಲ್ಲಿ ವಯಸ್ಸಾದವಳಾಗಿ ಹೇಳುತ್ತೇನೆ, ಇದು ನಿಧಾನ ಅಲ್ಲ ಮಾರಾಯ್ರೆ. ನಿಧಾನ ಆದದ್ದು ಬೇರೆ ಕಡೆ. ಮೊದಲ ಒಂದು ಗಂಟೆಯಲ್ಲಿ.

ಆ ಸಂಜೆ ಕಾರಿನೊಳಗೆ ಮಕ್ಕಳು ಸುಮ್ನೆ ಕೂತಿರಲಿಲ್ಲ. ಜಗ್ಗಾಡಿದರು, ಕೂಗಿದರು. ರಸ್ತೆಯಲ್ಲಿದ್ದ ಒಬ್ಬರು ನೋಡಿ ಪೊಲೀಸರಿಗೆ ಫೋನ್ ಮಾಡಿದರು. ಇನ್ನೊಬ್ಬರು ಸ್ಕೂಟರಿನಲ್ಲಿ ಹೋಗುತ್ತಿದ್ದವರು. ಹುಡುಗ ಕಾರಿನ ಗಾಜಿನಿಂದ ತನ್ನ ರಕ್ತ ಸುರಿಯುವ ಭುಜ ತೋರಿಸಿದ. ಅವರು ಬೆನ್ನಟ್ಟಿದರು, ಕಾರು ಸಿಗ್ನಲ್ ಹಾರಿಸಿ ಹೋಯಿತು. ನಂಬರ್ ನೋಡಿಟ್ಟುಕೊಂಡು ಠಾಣೆಗೆ ಹೋಗಿ ಹೇಳಿದರು. ಅಲ್ಲಿನ ಪೊಲೀಸರು, ಜಾಗ ತಮ್ಮ ಠಾಣೆಯ ವ್ಯಾಪ್ತಿಯದ್ದಲ್ಲ ಅಂತ ಮಾಹಿತಿಯನ್ನು ಪಕ್ಕದ ಠಾಣೆಗೆ ದಾಟಿಸಿ ಕೈತೊಳೆದುಕೊಂಡರು. ನಂಬರ್ ಪ್ಲೇಟ್ ಸುಳ್ಳು ಇತ್ತು, ನಿಜ. ಆದರೆ ರಸ್ತೆಯಲ್ಲಿ ಹುಡುಕುವಾಗ ಸುಳ್ಳು ನಂಬರೂ ನಂಬರೇ ಅಲ್ವಾ? ದೆಹಲಿಯ ಜನ ಸಿಟ್ಟಾದದ್ದು ಇದಕ್ಕೇ. ಸಮಾಧಾನ ಹೇಳಲು ಹೋದ ಆಗಿನ ವಿದೇಶಾಂಗ ಸಚಿವ ವಾಜಪೇಯಿಯವರ ತಲೆಗೇ ಕಲ್ಲು ಬಿತ್ತು.

2009ರಲ್ಲಿ ನನ್ನ ಆಫೀಸಿಗೆ ಒಬ್ಬಳು ಮೀನು ಮಾರುವ ಹೆಂಗಸು ಓಡಿ ಬಂದಳು. ಬುಟ್ಟಿಯನ್ನು ಮೆಟ್ಟಿಲಲ್ಲೇ ಬಿಟ್ಟಿದ್ದಳು. ಒಂಬತ್ತು ವರ್ಷದ ಮಗ ಶಾಲೆಯಿಂದ ಮನೆಗೆ ಬಂದಿಲ್ಲ. ಮನೆ ಹೊಳೆಯ ಈಚೆ, ಶಾಲೆ ಆಚೆ. ಈಚೆ ಠಾಣೆಯವರು "ಶಾಲೆ ಇರುವ ಕಡೆ ಕೊಡಿ" ಅಂದರಂತೆ. ಆಚೆಯವರು "ಮನೆ ಎಲ್ಲಿ ಉಂಟೋ ಅಲ್ಲಿ ಕೊಡಿ, ನಾಳೆ ತನಕ ಕಾಯಿರಿ, ಅಜ್ಜಿ ಮನೆಗೆ ಹೋಗಿರಬಹುದು" ಅಂದರಂತೆ. ಸೇತುವೆಯ ಮೇಲೆ ಎರಡು ಸಲ ಅತ್ತಿತ್ತ ನಡೆದಿದ್ದಳು ಆಕೆ. ನಾನು ಫೋನಿನಲ್ಲಿ ಜಗಳ ಮಾಡುತ್ತಾ ಇದ್ದಾಗಲೇ ಹುಡುಗ ಸಿಕ್ಕಿದ. ಲೆಕ್ಕದ ಮಾರ್ಕಿಗೆ ಹೆದರಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ. ಆಕೆ ಅವನಿಗೆ ಎರಡು ಬಾರಿಸಿ, ಆಮೇಲೆ ಅತ್ತು, ಆಮೇಲೆ ಬುಟ್ಟಿ ಹುಡುಕಿದಳು. ಅಷ್ಟರಲ್ಲಿ ಬೆಕ್ಕು ಬಂದಾಗಿತ್ತು.

ಅದಕ್ಕೇ ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಕಹಿ. ಆ ಮಕ್ಕಳ ಹೆಸರಿನಲ್ಲಿ ಸಾಹಸ ಮೆರೆದ ಮಕ್ಕಳಿಗೆ ಪ್ರಶಸ್ತಿ ಬಂತು, ಗೀತಾ, ಸಂಜಯ್ ಇಬ್ಬರಿಗೂ ಶೌರ್ಯಕ್ಕೆ ಕೊಡುವ ಕೀರ್ತಿ ಚಕ್ರವೂ ಸಂದಿತು. ಆದರೆ 'ನಮ್ಮ ವ್ಯಾಪ್ತಿ ಅಲ್ಲ' ಎಂಬ ಮಾತಿಗೆ ಕಾನೂನು ಮದ್ದು ಅರೆಯಲು ಮೂವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. 2013ರ ಮೇ ತಿಂಗಳಲ್ಲಿ ಮಕ್ಕಳ ಹಕ್ಕಿಗಾಗಿ ದುಡಿಯುವ ಬಚಪನ್ ಬಚಾವೋ ಆಂದೋಲನದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್, ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಮಾಡಲೇಬೇಕು, ಅಪಹರಣ ಅಂತಲೇ ಭಾವಿಸಿ ಹುಡುಕಬೇಕು ಅಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಲಲಿತಾ ಕುಮಾರಿ ತೀರ್ಪು: ಗಂಭೀರ ಅಪರಾಧದ ದೂರು ಬಂದರೆ ಪೊಲೀಸರು ಎಫ್‌ಐಆರ್ ಮಾಡಲೇಬೇಕು. ಅದೂ ಉತ್ತರ ಪ್ರದೇಶದಲ್ಲಿ ಅಪಹರಣವಾದ ಹುಡುಗಿಯ ಅಪ್ಪ ಠಾಣೆ ಅಲೆದ ಕಥೆಯಿಂದಲೇ ಹುಟ್ಟಿದ್ದು. ಬೇರೆ ಠಾಣೆಯ ವ್ಯಾಪ್ತಿಯದ್ದಾದರೂ ದೂರು ಬರೆದುಕೊಳ್ಳಬೇಕು ಎಂಬ 'ಝೀರೋ ಎಫ್‌ಐಆರ್' ಮೊದಲು ಸುತ್ತೋಲೆಗಳಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲಿ ಕಾನೂನೇ ಆಯಿತು.

ಹಾಗಾಗಿ ಪಣಂಬೂರು ಬೀಚಿನಲ್ಲೋ ಉಡುಪಿಯ ರಥಬೀದಿಯಲ್ಲೋ ಮಗು ಕೈತಪ್ಪಿದರೆ, ಯಾವ ಠಾಣೆಯ ಲಿಮಿಟ್ಸ್ ಅಂತ ನೀವು ತಲೆಕೆಡಿಸಿಕೊಳ್ಳಬೇಡಿ. 112ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ 1098 ಕೂಡ ಉಂಟು. ಹತ್ತಿರದ ಠಾಣೆಗೆ ಹೋಗಿ. ನಾಳೆ ಬನ್ನಿ ಅಂದರೆ ಎದ್ದು ಬರಬೇಡಿ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತ. ಕೇಳಿ ತೆಗೆದುಕೊಂಡೇ ಹೊರಗೆ ಬನ್ನಿ.